ಸುರಂಗಶಿಲ್ಪಿ ಮಾರ್ಕ್ ಬ್ರುನೆಲ್

ಸುರಂಗವೆಂಬ ಮಾತು ಕಿವಿಗೆ ಬಿದ್ದೊಡನೆ ಭಾರತಕಥೆಯನ್ನು ಕೇಳಿ ಬೆಳೆದವರಿಗೆ ಅರಗಿನ ಮನೆ ನೆನಪಾಗುವುದು ಸಹಜ. ವಿದುರನು ಕಳುಹಿಸಿದ ಖನಕನೊಬ್ಬನು ಗುಟ್ಟಾಗಿ ನೆಲವನ್ನು ತೋಡಿ ಪಾಂಡವರು ಪಾರಾಗುವ ದಾರಿಯನ್ನು ಮಾಡಿಕೊಟ್ಟನು. ಕಾವ್ಯವು ಆ ಖನಕನ ಹೆಸರನ್ನು ಸಹ ಹೇಳುವುದಿಲ್ಲ. ಕೋಟೆಕೊತ್ತಲಗಳ ಕಾಲದಲ್ಲಿಯೂ ಸುರಂಗಗಳು ಆದುವು. ಆದರೆ ಅವೆಲ್ಲವೂ ಗಟ್ಟಿನೆಲದ ಕೆಲಸಗಳು, ಒಬ್ಬಿಬ್ಬರು ಬಾಗಿ ನುಸುಳುವಷ್ಟು ಕಿರಿದಾದುವು. ಮಹಾನಗರವೊಂದರ ನಡುವೆ ಹರಿಯುವ, ದಿನಕ್ಕೆರಡು ಬಾರಿ ಕಡಲಿನ ಭರತಕ್ಕೆ ಉಬ್ಬುವ ನದಿಯ ಕೆಳಗೆ, ಕೆಸರು ಮರಳುಗಳ ನೆಲದಲ್ಲಿ, ಎರಡು ಸಾಲು ಗಾಡಿಗಳು ಹಾಯುವಷ್ಟು ವಿಶಾಲವಾದ ಹೆದ್ದಾರಿಯನ್ನು ಕೊರೆಯಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವನು ಮಾರ್ಕ್ ಇಸಂಬಾರ್ಡ್ ಬ್ರುನೆಲ್. ಭಗೀರಥನು ನದಿಯನ್ನು ಮೇಲಿನಿಂದ ಕೆಳಗಿಳಿಸಿದನು. ಈತನು ನದಿಯ ಕೆಳಗೆ ತಾನೇ ಇಳಿದನು. ಹದಿನೆಂಟು ವರ್ಷ ಅಲ್ಲಿಯೇ ಸೆಣಸಿದನು.

ಬ್ರುನೆಲನು ಇಂಗ್ಲೆಂಡಿನ ಕೀರ್ತಿಗೆ ಪಾತ್ರನಾದರೂ ಹುಟ್ಟಿನಿಂದ ಫ್ರೆಂಚನು. ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಹಾಕ್‌ವಿಲ್ ಎಂಬ ಹಳ್ಳಿಯಲ್ಲಿ ೧೭೬೯ನೆಯ ಇಸವಿ ಏಪ್ರಿಲ್ ೨೫ರಂದು ಒಕ್ಕಲುತನದ ಅನುಕೂಲಸ್ಥ ಮನೆತನದಲ್ಲಿ ಜನಿಸಿದನು. ಹಿರಿಯ ಮಗನಿಗೆ ಹೊಲಮನೆ, ಕಿರಿಯ ಮಗನಿಗೆ ಪುರೋಹಿತದೀಕ್ಷೆ ಎಂಬುದು ಅಲ್ಲಿಯ ಕುಲೀನರ ವಾಡಿಕೆ. ಅದರಂತೆ ತಂದೆಯು ಈ ಎರಡನೆಯ ಮಗನನ್ನು ರೂಆನ್ ನಗರದ ಕ್ರೈಸ್ತ ಧರ್ಮಶಾಲೆಗೆ ಸೇರಿಸಿದನು. ಬಾಲಕನಿಗೆ ಲ್ಯಾಟಿನ್ ವ್ಯಾಕರಣ ಹತ್ತಲಿಲ್ಲ. ಚಿತ್ರ, ಗಣಿತ, ಬಡಗಿಯ ಕೆಲಸ ಇವುಗಳಲ್ಲಿಯೇ ಅವನ ಜೀವ. ಆ ಶಾಲೆಯ ಮುಖ್ಯಸ್ಥನು ಇದನ್ನು ಕಂಡು, ಈ ಹುಡುಗನು ಪೌರೋಹಿತ್ಯಕ್ಕೆ ತಕ್ಕವನಲ್ಲವೆಂದು ತಾನೇ ಮನಗಂಡು, ಅವನ ಒಲವಿನ ವಿದ್ಯೆಗೆ ದಾರಿ ಬಿಟ್ಟುಕೊಟ್ಟನು. ಶಿಷ್ಯನ ಹಿತಕ್ಕಾಗಿ ಅವನನ್ನು ತನ್ನ ಮನೆಯಿಂದಲೇ ಬೀಳ್ಕೊಡುವ ಗುರುಗಳು ಎಲ್ಲ ಕಾಲಕ್ಕೂ ವಿರಳ. ರೂಆನಿನಲ್ಲಿಯೇ ಬಂಧುವೊಬ್ಬನ ಮನೆಯಲ್ಲಿದ್ದು ನೌಕಾಶಾಸ್ತ್ರವನ್ನು ಅಭ್ಯಸಿಸಿ, ೧೭೮೬ರಲ್ಲಿ ಫ್ರೆಂಚ್ ನೌಕಾದಳವನ್ನು ಸೇರಿ, ಆರು ವರ್ಷ ವೆಸ್ಟ್ ಇಂಡೀಸ್ ದ್ವೀಪಗಳ ಕಡೆಗೆ ಪಯಣ ಮಾಡಿದನು.

ಮರಳಿ ಬರುವ ವೇಳೆಗೆ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಕಿಚ್ಚು ಹತ್ತಿ ಉರಿಯುತ್ತಿತ್ತು. ಬ್ರುನೆಲನು ರಾಜಪಕ್ಷದವನು, ನಾಲಿಗೆಯನ್ನು ಬಿಗಿಹಿಡಿಯುವ ಜಾಣ್ಮೆ ಅವನಲ್ಲಿರಲಿಲ್ಲ. ತಲೆಗಳು ಉರುಳುತ್ತಿದ್ದ ಆ ದಿನಗಳಲ್ಲಿ ೧೭೯೩ರ ಜುಲೈ ತಿಂಗಳಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ತಪ್ಪಿಸಿಕೊಂಡನು. ರೂಆನಿನಲ್ಲಿ ಅವನ ಮನಸ್ಸನ್ನು ಗೆದ್ದಿದ್ದವಳು ಸೋಫಿಯಾ ಕಿಂಗ್‌ಡಮ್. ಇಂಗ್ಲೆಂಡಿನ ಪ್ಲಿಮತ್ ನಗರದವಳು, ಫ್ರೆಂಚ್ ಭಾಷೆಯನ್ನು ಕಲಿಯಲು ಬಂದಿದ್ದವಳು. ಆಕೆ ಫ್ರಾನ್ಸಿನಲ್ಲಿಯೇ ಉಳಿಯಬೇಕಾಯಿತು. ಇಂಗ್ಲಿಷಿನವಳೆಂಬ ಒಂದೇ ಕಾರಣಕ್ಕೆ ಗೂಢಚಾರಿಣಿಯೆಂಬ ಸಂಶಯ ಹುಟ್ಟಿ ಕನ್ಯಾಮಠವೊಂದರಲ್ಲಿ ಬಂಧಿತಳಾಗಿ, ನಾಳೆ ಬದುಕುಂಟೋ ಇಲ್ಲವೋ ಎಂಬ ಸ್ಥಿತಿಯಲ್ಲಿ ದಿನಗಳನ್ನು ನೂಕಿದಳು. ೧೭೯೪ರಲ್ಲಿ ರೋಬ್ಸ್‌ಪಿಯರನು ಪತನಗೊಂಡ ಮೇಲೆಯೇ ಆಕೆಗೆ ಬಿಡುಗಡೆ. ಅತ್ತ ಬ್ರುನೆಲನು ಅಮೆರಿಕದಲ್ಲಿ ಭೂಮಾಪನ, ಕಾಲುವೆ, ಕಟ್ಟಡಗಳ ಕೆಲಸಗಳಿಂದ ಹೆಸರು ಪಡೆದು, ೧೭೯೬ರಲ್ಲಿ ಅಲ್ಲಿಯ ಪೌರತ್ವವನ್ನೂ ನ್ಯೂಯಾರ್ಕ್ ನಗರದ ಮುಖ್ಯ ಎಂಜಿನಿಯರ್ ಪದವಿಯನ್ನೂ ಗಳಿಸಿದನು. ಹೀಗೆ ನೆಲೆ ಸಿಕ್ಕಿದ್ದರೂ ಮನಸ್ಸು ಮಾತ್ರ ಇಂಗ್ಲೆಂಡಿನ ಕಡೆಗೆ ಎಳೆಯುತ್ತಿತ್ತು. ಒಂದು ಔತಣದ ಮನೆಯಲ್ಲಿ, ಬ್ರಿಟಿಷ್ ನೌಕಾದಳಕ್ಕೆ ಹಾಯಿಹಗ್ಗಗಳ ರಾಟೆಗಳು ವರ್ಷಕ್ಕೆ ಒಂದು ಲಕ್ಷದಷ್ಟು ಬೇಕಾಗುವುವೆಂದೂ ಅವೆಲ್ಲವನ್ನೂ ಕೈಯಿಂದಲೇ ಕಡೆಯುತ್ತಿರುವರೆಂದೂ ಕೇಳಿದನು. ಯಂತ್ರದಿಂದ ರಾಟೆ ಮಾಡುವ ಉಪಾಯವನ್ನು ತಲೆಯಲ್ಲಿ ಹೊತ್ತು ೧೭೯೯ರಲ್ಲಿ ಇಂಗ್ಲೆಂಡಿಗೆ ಬಂದನು. ಆರು ವರ್ಷ ಕಾದಿದ್ದ ಸೋಫಿಯಾಳನ್ನು ಅದೇ ವರ್ಷದ ನವೆಂಬರಿನಲ್ಲಿ ಕೈಹಿಡಿದನು.

ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಅವನು ನಿಲ್ಲಿಸಿದ ರಾಟೆಯ ಕಾರ್ಖಾನೆ ಯಂತ್ರೋದ್ಯಮದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಹೆನ್ರಿ ಮಾಡ್ಸ್‌ಲಿಯೆಂಬ ಅಸಾಧಾರಣ ಕುಶಲಿಯು ಯಂತ್ರಗಳನ್ನು ಎರಕ ಹೊಯ್ದು ಕಡೆದು ಕೊಟ್ಟನು. ನೂರಹತ್ತು ಮಂದಿ ನುರಿತ ಕೆಲಸಗಾರರು ಮಾಡುತ್ತಿದ್ದುದನ್ನು ಹತ್ತು ಮಂದಿ ಸಾಮಾನ್ಯರು ಮಾಡತೊಡಗಿದರು. ಸರ್ಕಾರವು ಬಹುವಾಗಿ ಸತಾಯಿಸಿ ಕಡೆಗೆ ೧೭,೦೦೦ ಪೌಂಡುಗಳನ್ನು ಕೊಟ್ಟಿತು. ಆದರೆ ಯಂತ್ರದ ಲೆಕ್ಕ ಬಲ್ಲವನಿಗೆ ಹಣದ ಲೆಕ್ಕ ಬರಲಿಲ್ಲ. ಬ್ಯಾಟರ್‌ಸೀಯಲ್ಲಿದ್ದ ಅವನ ಮರ ಕೊಯ್ಯುವ ಕಾರ್ಖಾನೆಗೆ ೧೮೧೪ರಲ್ಲಿ ಬೆಂಕಿ ಬಿದ್ದಿತು. ಸೈನಿಕರಿಗಾಗಿ ಯಂತ್ರದಿಂದ ಬೂಟುಗಳನ್ನು ಹೊಲಿಸುತ್ತಿದ್ದನು. ೧೮೧೫ರಲ್ಲಿ ವಾಟರ್‌ಲೂ ಯುದ್ಧ ಮುಗಿದು ಶಾಂತಿ ನೆಲೆಸಿತು. ಲೋಕಕ್ಕೆ ಸುಖವಾಯಿತು, ಬ್ರುನೆಲನಿಗೆ ಬೂಟುಗಳ ರಾಶಿ ಉಳಿಯಿತು. ೧೮೨೧ರಲ್ಲಿ ಸಾಲ ತೀರಿಸಲಾಗದೆ ಸಾಲಗಾರರ ಸೆರೆಮನೆಯನ್ನು ಹೊಕ್ಕನು. ಕೈಹಿಡಿದ ಸೋಫಿಯಾ ಅಲ್ಲಿಗೂ ಜೊತೆಯಲ್ಲಿಯೇ ಬಂದಳು. ರಷ್ಯದ ಚಕ್ರವರ್ತಿ ಅಲೆಕ್ಸಾಂಡರನ ಕಡೆಯಿಂದ ಬರುವ ಅವಕಾಶಗಳನ್ನು ನಂಬಿ ಬ್ರುನೆಲನು ಆ ದೇಶಕ್ಕೆ ಹೊರಡುವ ಸುಳಿವು ಸಿಕ್ಕಿದಾಗ, ಇಂತಹ ತಲೆಯನ್ನು ಕಳೆದುಕೊಳ್ಳುವುದು ನಷ್ಟವೆಂದು ಇಂಗ್ಲೆಂಡಿನ ಸರ್ಕಾರಕ್ಕೆ ತೋರಿತು. ೫,೦೦೦ ಪೌಂಡು ತೆತ್ತು ಅವನನ್ನು ಬಿಡಿಸಿತು. ಬುದ್ಧಿವಂತನ ಬೆಲೆ ಅವನು ಪರದೇಶಕ್ಕೆ ಹೊರಟು ನಿಂತಾಗ ತಿಳಿಯುವುದು ಇಂಗ್ಲೆಂಡಿಗೆ ಮಾತ್ರ ಮೀಸಲಾದ ಸಂಗತಿಯಲ್ಲ.

ಆ ಕಾಲದ ಲಂಡನ್ ನಗರವು ಜಗತ್ತಿನ ಸರಕುಗಳೆಲ್ಲ ಬಂದು ಬೀಳುವ ಬಂದರು. ಥೇಮ್ಸ್ ನದಿಯ ಎರಡು ದಡಗಳಲ್ಲಿಯೂ ಹಡಗುಕಟ್ಟೆಗಳು, ಉಗ್ರಾಣಗಳು. ಆದರೆ ಲಂಡನ್ ಸೇತುವೆಯಿಂದ ಕೆಳಕ್ಕೆ ಕಡಲಿನವರೆಗೆ ಒಂದೂ ಸೇತುವೆಯಿಲ್ಲ. ಕಟ್ಟಿದರೆ ಎತ್ತರದ ಪಟಸ್ತಂಭಗಳ ಹಡಗುಗಳು ಒಳಗೆ ಬರುವಂತಿಲ್ಲ. ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಸರಕಿನ ಗಾಡಿಗಳು ಮೈಲಿಗಟ್ಟಲೆ ಸುತ್ತಿ, ನಗರದ ಇಕ್ಕಟ್ಟಿನ ಬೀದಿಗಳಲ್ಲಿ ಸಿಲುಕಿ, ಸೇತುವೆಯನ್ನು ದಾಟಿ ಬರಬೇಕಾಗಿತ್ತು. ಮೇಲೆ ದಾರಿಯಿಲ್ಲದ ಮೇಲೆ ಕೆಳಗೆ ಮಾಡಬೇಕೆಂಬ ಯೋಚನೆ ಹೊಸತೇನಲ್ಲ. ಉಗಿಬಂಡಿಯ ಜನಕನೆನಿಸಿದ ರಿಚರ್ಡ್ ಟ್ರೆವಿಥಿಕನಂತಹ ಸಾಹಸಿಯೇ ರಾದರ್‌ಹೈಥ್ ಬಳಿ ನದಿಯಡಿಯಲ್ಲಿ ಸಣ್ಣ ಸುರಂಗವನ್ನು ಸಾವಿರ ಅಡಿಗಳಷ್ಟು ಕೊರೆದು, ೧೮೦೮ರಲ್ಲಿ ನೀರು ನುಗ್ಗಿದಾಗ ಕೈಚೆಲ್ಲಿದ್ದನು. ಮೆತ್ತನೆಯ ನೆಲದಲ್ಲಿ ಸುರಂಗ ಅಸಾಧ್ಯವೆಂದು ಬಲ್ಲವರು ತೀರ್ಮಾನ ಕೊಟ್ಟಿದ್ದರು.

ಬ್ರುನೆಲನಿಗೆ ಉಪಾಯವನ್ನು ಕಲಿಸಿದ ಗುರು ಒಂದು ಹುಳು ಎಂದು ಹೇಳುತ್ತಾರೆ. ನೌಕಾಂಗಣದಲ್ಲಿ ಹಡಗಿನ ಹಲಗೆಯನ್ನು ಕೊರೆಯುವ ಕಡಲ ಹುಳುವನ್ನು ಅವನು ನಿಟ್ಟಿಸಿ ನೋಡಿದನು. ತಲೆಯ ಮೇಲಿನ ಗಟ್ಟಿ ಚಿಪ್ಪಿನಿಂದ ಮರವನ್ನು ಅರೆಯುತ್ತ, ಹಿಂದೆ ಬಿಟ್ಟ ದಾರಿಗೆ ತನ್ನ ಮೈಯಿಂದ ಸ್ರವಿಸಿದ ಸುಣ್ಣದ ಲೇಪವನ್ನು ಕೊಡುತ್ತ ಅದು ಮುಂದೆ ಸಾಗುತ್ತದೆ. ಮುಂದೆ ಕೊರೆತ, ಮೇಲೆ ರಕ್ಷಣೆ, ಹಿಂದೆ ಗಾರೆ. ಈ ಮೂರನ್ನೂ ಒಂದೇ ಯಂತ್ರದಲ್ಲಿ ಅಳವಡಿಸಿ ೧೮೧೮ರಲ್ಲಿ ಹಕ್ಕುಪತ್ರ ಪಡೆದನು. ಎಂಜಿನಿಯರುಗಳು ಅದನ್ನು ಶೀಲ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಗುರಾಣಿಯೆಂದರೆ ಅರ್ಥ ಕೆಡುವುದಿಲ್ಲ.

ಆ ಗುರಾಣಿಯ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಎರಕದ ಕಬ್ಬಿಣದ ಹನ್ನೆರಡು ಚೌಕಟ್ಟುಗಳು, ಪುಸ್ತಕಗಳನ್ನು ಕಪಾಟಿನಲ್ಲಿ ನಿಲ್ಲಿಸಿದಂತೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಒಂದೊಂದಕ್ಕೂ ಮೂರು ಅಂತಸ್ತು. ಅಂತೂ ಮೂವತ್ತಾರು ಗೂಡುಗಳು, ಗೂಡಿಗೊಬ್ಬ ಅಗೆಯುವವನು. ಅವನ ಎದುರಿನ ಮಣ್ಣಿನ ಗೋಡೆಯನ್ನು ಅಡ್ಡಹಲಗೆಗಳು ತಿರುಪುಗಳ ಬಲದಿಂದ ಒತ್ತಿ ಹಿಡಿದಿರುತ್ತವೆ. ಅವನು ಒಂದು ಹಲಗೆಯನ್ನು ಮಾತ್ರ ತೆಗೆದು, ಅದರ ಹಿಂದಿನ ಮಣ್ಣನ್ನು ನಾಲ್ಕೂವರೆ ಅಂಗುಲ ಕೆರೆದು, ಹಲಗೆಯನ್ನು ಮುಂದಕ್ಕೆ ಕೂರಿಸಿ ತಿರುಪು ಬಿಗಿಯುವನು. ಆಮೇಲೆ ಮುಂದಿನ ಹಲಗೆ. ಎಲ್ಲ ಹಲಗೆಗಳೂ ಮುಂದೆ ಸರಿದ ಮೇಲೆ ಚೌಕಟ್ಟನ್ನೇ ದೊಡ್ಡ ತಿರುಪುಗಳಿಂದ ತಳ್ಳುವರು. ಬೆನ್ನ ಹಿಂದೆಯೇ ಗಾರೆಯವರು ಇಟ್ಟಿಗೆಯ ಕಮಾನುಗಳನ್ನು ಕಟ್ಟಿಕೊಂಡು ಬರುವರು. ಬರಿನೆಲವು ಯಾವ ಕ್ಷಣದಲ್ಲಿಯೂ ಒಂದು ಹಲಗೆಯಗಲಕ್ಕಿಂತ ಹೆಚ್ಚಾಗಿ ತೆರೆದಿರಕೂಡದು: ತತ್ತ್ವವೆಲ್ಲ ಇಷ್ಟೆ. ವಾರವೆಲ್ಲ ದುಡಿದರೆ ಹತ್ತಡಿಯ ಆಸುಪಾಸು ಮುಂದೆ ಹೋಗಬಹುದು.

೧೮೨೪ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಕಂಪನಿ ಏರ್ಪಟ್ಟಿತು. ನೆಪೋಲಿಯನನನ್ನು ಗೆದ್ದ ವೆಲಿಂಗ್ಟನ್ ಪ್ರಭುವು ಬೆಂಬಲವಾಗಿ ನಿಂತನು. ಮೂರು ವರ್ಷದಲ್ಲಿ ಕೆಲಸ ಮುಗಿಯುವುದೆಂಬ ಭರವಸೆಯಿಂದ ಷೇರುಗಳು ಬೇಗನೆ ಮಾರಾಟವಾದುವು. ೧೮೨೫ರ ಮಾರ್ಚ್ ೨ರಂದು ರಾದರ್‌ಹೈಥಿನ ಚರ್ಚಿನ ಗಂಟೆಗಳು ಮೊಳಗುತ್ತಿರಲು ಬ್ರುನೆಲನು ಮೊದಲ ಇಟ್ಟಿಗೆಯನ್ನಿಟ್ಟನು. ಸುರಂಗಕ್ಕೆ ಇಳಿಯುವ ಕೂಪವನ್ನು ಅವನು ತೋಡಿಸಿದ ಬಗೆಯೇ ಒಂದು ಸೊಗಸು. ಐವತ್ತು ಅಡಿ ಅಡ್ಡಳತೆಯ, ನಲವತ್ತೆರಡು ಅಡಿ ಎತ್ತರದ ಇಟ್ಟಿಗೆಯ ಗೋಪುರವನ್ನು ನೆಲದ ಮೇಲೆಯೇ ಕಟ್ಟಿಸಿ, ಒಳಗಿನ ಮಣ್ಣನ್ನು ತೋಡಿಸುತ್ತ ಹೋದನು. ತನ್ನ ಭಾರದಿಂದ ತಾನೇ ಗೋಪುರವು ನೆಲದೊಳಗೆ ಇಳಿಯುತ್ತ ಹೋಯಿತು. ಮರಳುನೆಲದಲ್ಲಿ ಬಾವಿಗೆ ಬಳೆಯಿಳಿಸುವುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವಲ್ಲ. ಕಟ್ಟಡವೊಂದು ನೆಲದಲ್ಲಿ ಮುಳುಗುವ ವಿಚಿತ್ರವನ್ನು ನೋಡಲು ಲಂಡನ್ನಿನ ಶ್ರೀಮಂತವರ್ಗ ಸಾಲುಗಟ್ಟಿತು.

ಸಂಭ್ರಮ ಅಲ್ಲಿಗೆ ಮುಗಿಯಿತು. ನದಿಯಡಿಯಲ್ಲಿ ಗಟ್ಟಿಯಾದ ನೀಲಿ ಜೇಡಿಯ ಪದರವಿದೆಯೆಂದು ಪರೀಕ್ಷಕರು ಭರವಸೆ ಕೊಟ್ಟಿದ್ದರು. ಕೊರೆಯತೊಡಗಿದರೆ ಸಿಕ್ಕಿದ್ದು ಜಲ್ಲಿ, ಮರಳು, ನೀರು. ಕೆಲವೆಡೆಗಳಲ್ಲಿ ಸುರಂಗದ ನೆತ್ತಿಗೂ ನದಿಯ ತಳಕ್ಕೂ ನಡುವೆ ಹದಿನಾಲ್ಕು ಅಡಿಗಳಷ್ಟೇ ಮಣ್ಣು. ಆಗಿನ ಥೇಮ್ಸ್ ನದಿಯಾದರೋ ಇಡೀ ನಗರದ ಕೊಳೆಯನ್ನು ಹೊತ್ತ ಚರಂಡಿ. ಆ ನೀರು ಹಲಗೆಗಳ ಸಂದಿಯಿಂದ ಜಿನುಗಿ ಕೆಲಸಗಾರರ ಮೈಮೇಲೆ ಬೀಳುತ್ತಿತ್ತು. ವಿಷವಾಯುವಿನಿಂದ ಜ್ವರ, ಭೇದಿ, ತಲೆಸುತ್ತು. ಕೆಲವರಿಗೆ ಕಣ್ಣುಗಳೇ ಕಾಣದಂತಾಗುತ್ತಿತ್ತು. ಮೊದಲ ಸ್ಥಾನಿಕ ಎಂಜಿನಿಯರನು ಕಾಯಿಲೆಯಿಂದ ಕೆಲಸ ಬಿಟ್ಟನು. ಆ ಭಾರ ಬ್ರುನೆಲನ ಒಬ್ಬನೇ ಮಗ, ಇಪ್ಪತ್ತು ವರ್ಷದ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲನ ಹೆಗಲಿಗೆ ಬಿದ್ದಿತು. ಇತ್ತ ಕಂಪನಿಯ ನಿರ್ದೇಶಕರು ಖರ್ಚಿಗೆ ಹೆದರಿ, ತಲಾ ಒಂದು ಷಿಲಿಂಗ್ ಪಡೆದು ಪ್ರೇಕ್ಷಕರನ್ನು ಸುರಂಗದೊಳಕ್ಕೆ ಬಿಡತೊಡಗಿದರು. ಯಾವ ಕ್ಷಣದಲ್ಲಿ ನದಿ ಒಳಗೆ ಬರುವುದೋ ಎಂದು ಎಂಜಿನಿಯರನು ಎಚ್ಚರವಿದ್ದು ಕಾಯುತ್ತಿದ್ದಾಗ, ರೇಷ್ಮೆಯುಡುಪಿನ ಮಹಿಳೆಯರು ದೀಪದ ಬೆಳಕಿನಲ್ಲಿ ವಿಹರಿಸುತ್ತಿದ್ದರು.

೧೮೨೭ರ ಮೇ ೧೮ರಂದು ನದಿ ಬಂದೇ ಬಂದಿತು. ೫೪೯ ಅಡಿ ಕೊರೆದಿದ್ದ ಸುರಂಗವು ಕೂಪದ ಸಹಿತ ತುಂಬಿಹೋಯಿತು. ಕೆಲಸಗಾರರೆಲ್ಲರೂ ಓಡಿ ಪಾರಾದುದು ಪುಣ್ಯ. ನೀರಿನಲ್ಲಿ ಸಿಲುಕಿದ್ದ ಮುದುಕನೊಬ್ಬನನ್ನು ಇಸಂಬಾರ್ಡನು ತಾನೇ ಹಗ್ಗದಲ್ಲಿಳಿದು ಮೇಲೆ ತಂದನು. ತಂದೆಮಕ್ಕಳು ಎದೆಗುಂದಲಿಲ್ಲ. ಮುಳುಗುಗಂಟೆಯಲ್ಲಿ ಕುಳಿತು ನದಿಯ ತಳಕ್ಕಿಳಿದು ತೂತನ್ನು ಪರೀಕ್ಷಿಸಿ, ಜೇಡಿಮಣ್ಣಿನ ಚೀಲಗಳನ್ನು ಸಾವಿರಗಟ್ಟಲೆ ಸುರಿಸಿ ಮುಚ್ಚಿಸಿದರು. ನೀರನ್ನು ಇಂಗಿಸಿ ಕೆಸರನ್ನು ತೆಗೆಯಲು ತಿಂಗಳುಗಳೇ ಹಿಡಿದುವು. ನಂಬಿಕೆಯನ್ನು ಮರಳಿಸಲೆಂದು ಆ ನವೆಂಬರಿನಲ್ಲಿ ಸುರಂಗದೊಳಗೇ ಔತಣ ಏರ್ಪಟ್ಟಿತು. ಒಂದು ಕಮಾನಿನಲ್ಲಿ ಗಣ್ಯರು, ಮತ್ತೊಂದರಲ್ಲಿ ಅಗೆಯುವವರು, ಕಾವಲುಪಡೆಯ ವಾದ್ಯಮೇಳ. ಎರಡು ತಿಂಗಳು ತುಂಬಿತೋ ಇಲ್ಲವೋ, ೧೮೨೮ರ ಜನವರಿ ೧೨ರ ಮುಂಜಾನೆ ನದಿ ಮತ್ತೆ ನುಗ್ಗಿತು. ಈ ಸಲ ಆರು ಮಂದಿ ಕೆಲಸಗಾರರು ಸತ್ತರು. ಇಸಂಬಾರ್ಡನನ್ನು ನೀರಿನ ಅಲೆಯು ಕೂಪದ ಬಾಯಿಯವರೆಗೆ ಎತ್ತಿ ಎಸೆಯಿತು. ಬಹಳ ಪೆಟ್ಟಾಗಿ ತಿಂಗಳುಗಳ ಕಾಲ ಮಲಗಿದನು. ಚೇತರಿಸಿಕೊಳ್ಳಲು ಬ್ರಿಸ್ಟಲಿಗೆ ಹೋದವನು ಅಲ್ಲಿಯ ಕ್ಲಿಫ್ಟನ್ ತೂಗುಸೇತುವೆಯ ನಕ್ಷೆ ಬರೆದು, ಮುಂದೆ ರೈಲುದಾರಿ, ಹಡಗುಗಳನ್ನು ಕಟ್ಟಿ ತಂದೆಯನ್ನು ಮೀರಿಸಿದ ಕಥೆ ಬೇರೆ. ಸತ್ತ ಆರು ಮಂದಿಯ ಮನೆಗಳ ಕಥೆಯನ್ನು ಚರಿತ್ರಕಾರರು ಅಷ್ಟು ವಿಸ್ತಾರವಾಗಿ ಬರೆದಿಲ್ಲ.

ಕಂಪನಿಯ ಬೊಕ್ಕಸ ಬರಿದಾಯಿತು. ಅದೇ ವರ್ಷ ಗುರಾಣಿಯನ್ನು ಸುರಂಗದ ಕೊನೆಯಲ್ಲಿಯೇ ಬಿಟ್ಟು ಇಟ್ಟಿಗೆಯ ಗೋಡೆ ಎಬ್ಬಿಸಿ ಕೆಲಸ ನಿಲ್ಲಿಸಿದರು. ಪತ್ರಿಕೆಗಳು ಅಪಹಾಸ್ಯ ಮಾಡಿದುವು. ಅಧ್ಯಕ್ಷನಿಗಂತೂ ಬ್ರುನೆಲನನ್ನು ಕಂಡರಾಗದು; ಬೇರೆಯವರ ಯೋಜನೆಗಳನ್ನು ಹುಡುಕುತ್ತಲೇ ಇದ್ದನು. ಏಳು ವರ್ಷ ಹೀಗೆ ಕಳೆದುವು. ಅರುವತ್ತು ದಾಟಿದ ಬ್ರುನೆಲನು ಇನ್ನೊಬ್ಬನಾಗಿದ್ದರೆ ರಾಟೆಯ ಕೀರ್ತಿಯನ್ನು ನೆಚ್ಚಿಕೊಂಡು ಕೂಡುತ್ತಿದ್ದನು. ಇವನು ಆ ಏಳು ವರ್ಷಗಳಲ್ಲಿ ಗುರಾಣಿಯ ಕುಂದುಗಳನ್ನು ಒಂದೊಂದಾಗಿ ತಿದ್ದಿ, ಇನ್ನೂ ಬಲವಾದ ಹೊಸ ಗುರಾಣಿಯ ನಕ್ಷೆಯನ್ನು ಸಿದ್ಧಮಾಡಿಕೊಂಡನು. ಕಡೆಗೆ ಸರ್ಕಾರದಿಂದ ಸುಮಾರು ಎರಡೂವರೆ ಲಕ್ಷ ಪೌಂಡುಗಳ ಸಾಲ ದೊರೆತು ೧೮೩೫ರಲ್ಲಿ ಕೆಲಸ ಮೊದಲಾಯಿತು. ಹಳೆಯ ಗುರಾಣಿಯನ್ನು ನದಿಯ ಭಾರದ ಕೆಳಗೆ ಬಿಚ್ಚಿ ಹೊಸದನ್ನು ಕೂರಿಸಿದುದೇ ಒಂದು ಪವಾಡಸದೃಶ ಕಾರ್ಯ. ಆದರೂ ೧೮೩೭ರಲ್ಲಿ ಎರಡು ಬಾರಿ, ೧೮೩೮ರಲ್ಲಿ ಒಮ್ಮೆ ನದಿ ಒಳಗೆ ಬಂದಿತು. ಬ್ರುನೆಲನು ಕೆಲಸದ ಬಳಿಯಲ್ಲಿಯೇ ಮನೆ ಮಾಡಿದನು. ಎರಡು ಗಂಟೆಗೊಮ್ಮೆ, ರಾತ್ರಿಯೆನ್ನದೆ, ಗಂಟೆ ಬಾರಿಸುತ್ತಿತ್ತು. ಸುರಂಗದ ಮುಖದಿಂದ ತೆಗೆದ ಮಣ್ಣಿನ ಮಾದರಿಯನ್ನು ಮೇಲೆ ಕಳುಹಿಸುತ್ತಿದ್ದರು. ಮುದುಕನು ಹಾಸಿಗೆಯಿಂದೆದ್ದು ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ, ಮುಂದಿನ ಆಜ್ಞೆಯನ್ನು ಬರೆದು ಕೊಟ್ಟು ಮತ್ತೆ ಮಲಗುವನು. ಅವನ ಪಕ್ಕದಲ್ಲಿ ಸೋಫಿಯಾಳಿಗೂ ಆ ವರ್ಷಗಳಲ್ಲಿ ಪೂರ್ಣ ನಿದ್ರೆಯಿರಲಿಲ್ಲವೆಂದೇ ತಿಳಿಯಬೇಕು.

೧೮೪೧ರ ಮಾರ್ಚಿನಲ್ಲಿ ರಾಣಿ ವಿಕ್ಟೋರಿಯಾ ಅವನಿಗೆ ಸರ್ ಪದವಿಯನ್ನಿತ್ತಳು. ಅದೇ ಆಗಸ್ಟಿನಲ್ಲಿ ಆಚೆ ದಡದ ವಾಪಿಂಗ್‌ನಿಂದ ತೋಡಿ ತಂದ ಕಿರುದಾರಿಯು ಕೂಡಿಕೊಂಡಾಗ ಬ್ರುನೆಲನು ನದಿಯಡಿಯಿಂದ ಎದುರು ದಡವನ್ನು ಮುಟ್ಟಿದನು. ಮರುವರ್ಷ ಲಕ್ವ ಬಡಿದು ಕೆಲಕಾಲ ಮಲಗಬೇಕಾಯಿತು. ೧೮೪೩ರ ಮಾರ್ಚ್ ೨೫ರಂದು ಸುರಂಗವು ಸಾರ್ವಜನಿಕರಿಗೆ ತೆರೆಯಿತು. ಉದ್ದ ೧,೩೦೦ ಅಡಿ, ಅಗಲ ೩೫ ಅಡಿ, ಎತ್ತರ ೨೦ ಅಡಿ. ಭರತದ ನೀರಿನ ಮಟ್ಟದಿಂದ ೭೫ ಅಡಿ ಕೆಳಗೆ. ಮೊದಲ ದಿನವೇ ಐವತ್ತು ಸಾವಿರ ಮಂದಿ ತಲಾ ಒಂದು ಪೆನ್ನಿ ಕೊಟ್ಟು ನಡೆದು ಹೋದರು.

ನಡೆದು ಹೋದರು, ದುಃಖವಿರುವುದು ಅಲ್ಲಿಯೇ. ಗಾಡಿಗಳಿಗಾಗಿ ಕೊರೆದ ದಾರಿಯದು. ಭಾರದ ಗಾಡಿ ಅಷ್ಟು ಆಳಕ್ಕೆ ಇಳಿದು ಹತ್ತಬೇಕಾದರೆ ಎರಡು ದಡಗಳಲ್ಲಿಯೂ ಸುರುಳಿಯಾಕಾರದ ಭಾರಿ ಇಳಿಜಾರುಗಳು ಬೇಕಾಗಿದ್ದುವು. ಅವುಗಳ ನಕ್ಷೆಗಳು ಸಿದ್ಧವಿದ್ದುವು. ಹಣ ಮಾತ್ರ ಇರಲಿಲ್ಲ. ಸುರಂಗಕ್ಕೂ ಅದರ ಅಂಗಗಳಿಗೂ ಅದಾಗಲೇ ಆರು ಲಕ್ಷ ಪೌಂಡಿಗೆ ಮೀರಿ ವೆಚ್ಚವಾಗಿತ್ತು. ಸರಕಿನ ಗಾಡಿಗಳು ಹಿಂದಿನಂತೆಯೇ ಲಂಡನ್ ಸೇತುವೆಯನ್ನು ಸುತ್ತಿಕೊಂಡು ಹೋದುವು. ಕಮಾನುಗಳ ಕೆಳಗೆ ಆಟಿಕೆ ಮಾರುವವರೂ ತಿಂಡಿಯ ಅಂಗಡಿಗಳೂ ಸೇರಿ ಸುರಂಗವು ನಿತ್ಯದ ಜಾತ್ರೆಯಾಯಿತು. ಕ್ರಮೇಣ ಕಳ್ಳಕಾಕರ ಬೀಡೂ ಆಯಿತು. ೧೮೬೫ರಲ್ಲಿ ರೈಲ್ವೆ ಕಂಪನಿಯೊಂದು ಅದನ್ನು ಕೊಂಡು, ೧೮೬೯ರಲ್ಲಿ ಉಗಿಬಂಡಿಯನ್ನು ಓಡಿಸಿತು. ನೂರೈವತ್ತು ವರ್ಷ ದಾಟಿದ ಮೇಲೂ ಆ ಕಮಾನುಗಳೊಳಗೆ ಲಂಡನ್ನಿನ ರೈಲುಗಳು ಓಡುತ್ತಲೇ ಇವೆ.

ಗಾಡಿಗಳಿಗೆ ದಾರಿ ಸಿಗದೆ ಹೋಗಲಿಲ್ಲ. ಗ್ರೇಟ್‌ಹೆಡ್ ಎಂಬ ಎಂಜಿನಿಯರನು ಬ್ರುನೆಲನ ಗುರಾಣಿಯನ್ನು ವೃತ್ತಾಕಾರಕ್ಕೆ ತಿರುಗಿಸಿ ಸುಧಾರಿಸಿದನು. ಆ ಬಗೆಯ ಗುರಾಣಿಗೆ, ನೀರನ್ನು ಹಿಂದಕ್ಕೊತ್ತುವ ಅದುಮಿದ ಗಾಳಿಯನ್ನು ಸೇರಿಸಿಕೊಂಡು ೧೮೯೭ರಲ್ಲಿ ಬ್ಲಾಕ್‌ವಾಲ್ ರಸ್ತೆಸುರಂಗವೂ, ೧೯೦೮ರಲ್ಲಿ ಬ್ರುನೆಲನು ಇಟ್ಟಿಗೆಯಿಟ್ಟ ರಾದರ್‌ಹೈಥಿನ ಸಮೀಪದಲ್ಲಿಯೇ ಇನ್ನೊಂದು ರಸ್ತೆಸುರಂಗವೂ ಥೇಮ್ಸ್ ನದಿಯಡಿಯಲ್ಲಿ ಆದುವು. ಬೆಂಗಳೂರಿನ ಮೆಜೆಸ್ಟಿಕ್ಕಿನ ಅಡಿಯಲ್ಲಿ ಮೆಟ್ರೊ ರೈಲಿಗಾಗಿ, ಕಲ್ಕತ್ತೆಯ ಹೂಗ್ಲಿ ನದಿಯ ಅಡಿಯಲ್ಲಿ ೨೦೨೪ರಲ್ಲಿ ಸಂಚಾರಕ್ಕೆ ತೆರೆದ ದಾರಿಗಾಗಿ ಕೊರೆದ ಯಂತ್ರಗಳು ವಿದ್ಯುತ್ತಿನವು. ಮುಂದೆ ತಿರುಗುವ ಕೊರೆಚಕ್ರವುಳ್ಳವು. ಮೂವತ್ತಾರು ಗೂಡುಗಳಲ್ಲಿ ನಿಂತು ಕೊಳಚೆ ನೀರನ್ನು ಮೈಮೇಲೆ ಹಾಕಿಸಿಕೊಳ್ಳುವವರು ಅಲ್ಲಿಲ್ಲ. ಆದರೆ ಮುಂದೆ ಕೊರೆದು, ಮೇಲೆ ತಡೆದು, ಹಿಂದೆ ಕಟ್ಟಿಕೊಂಡು ಸಾಗುವ ಕ್ರಮ ಹುಳುವಿನಿಂದ ಬ್ರುನೆಲನು ಕಲಿತುದೇ.

ಕಣ್ಣೆದುರಿಗೇ ಜಾತ್ರೆಯಾದ ತನ್ನ ಹೆದ್ದಾರಿಯನ್ನು ಕುರಿತು ಮುದುಕನು ಕೊರಗಿದನೆಂದು ಹೇಳಲಾಗದು. ನದಿಯಡಿಯಲ್ಲಿ ದಾರಿ ಸಾಧ್ಯವೆಂಬುದು ರುಜುವಾತಾಗಿತ್ತು. ಗಾಡಿಗಳ ಮಾತು ಹಣವುಳ್ಳವರಿಗೆ ಸೇರಿದುದು. ಮಗನ ರೈಲುದಾರಿಗಳೂ ಹಡಗುಗಳೂ ಇಂಗ್ಲೆಂಡಿನ ಬಾಯಲ್ಲಿ ಮಾತಾಗುತ್ತಿದ್ದ ಕಾಲವದು. ೧೮೪೫ರಲ್ಲಿ ಮತ್ತೊಮ್ಮೆ ಲಕ್ವ ಬಡಿದು ಬಲಗೈ ನಿಂತುಹೋದ ಮೇಲೆ ಮನೆಯಲ್ಲಿಯೇ ಉಳಿದನು. ೧೮೪೯ರ ಡಿಸೆಂಬರ್ ೧೨ರಂದು ಎಂಬತ್ತನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿಯೇ ಕಾಲವಾದನು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನ ಸಮಾಧಿಯಾಯಿತು. ೧೮೫೫ರಲ್ಲಿ ಸೋಫಿಯಾಳನ್ನೂ, ೧೮೫೯ರಲ್ಲಿ ಮಗ ಇಸಂಬಾರ್ಡನನ್ನೂ ಅವನ ಪಕ್ಕದಲ್ಲಿಯೇ ಮಣ್ಣುಮಾಡಿದರು.